ಇಪ್ಪತ್ತು ಸೆಕೆಂಡಿನ ಫ್ರೆಂಚ್

ಅಮೆರಿಕದ ಹೈಸ್ಕೂಲುಗಳಲ್ಲಿ ವರ್ಷ ಶುರುವಾದ ಮೊದಲ ವಾರವೇ ಒಂದೊಂದು ತರಗತಿಯಿಂದ ಒಂದೊಂದು ಹಾಳೆ ಮನೆಗೆ ಬರುತ್ತದೆ. ತಂದೆತಾಯಿ ಓದಿ ಸಹಿ ಮಾಡಿ ಕಳಿಸಬೇಕು. ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಎಂಬ ಕಾಲೇಜು ಮಟ್ಟದ ಫ್ರೆಂಚ್ ತರಗತಿಯ ಹಾಳೆಯಲ್ಲಿ ಏನಿರುತ್ತದೆ ಎಂಬುದನ್ನು ಹೆಚ್ಚುಕಡಿಮೆ ನೋಡದೆಯೇ ಹೇಳಬಹುದು. ತರಗತಿಯೊಳಗೆ ಫ್ರೆಂಚ್ ಮಾತ್ರ, ಅನುವಾದ ಯಂತ್ರ ಬಳಸಿ ಸಿಕ್ಕಿಬಿದ್ದರೆ ಸೊನ್ನೆ, ಆಗಾಗ ಮಾತನಾಡಿ ಧ್ವನಿ ಮುದ್ರಿಸಿ ಒಪ್ಪಿಸುವ ಕೆಲಸ, ಮೇ ತಿಂಗಳಲ್ಲಿ ಪರೀಕ್ಷೆ. ಹಾಳೆಯ ಕೊನೆಗೆ ಗುರಿ: ವಿದ್ಯಾರ್ಥಿ ನಿರರ್ಗಳವಾಗಿ ಮಾತನಾಡುವಂತಾಗಬೇಕು. ನಿಯಮಗಳ ಮಾತು ಹಾಗಿರಲಿ, ಆ ಗುರಿಯೇ ಸುಳ್ಳು ಭರವಸೆ ಎಂಬುದು ನನ್ನ ವಾದ.

ಸುಮ್ಮನೆ ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಸುಮಾರು 180 ದಿನದ ಶಾಲೆ, ದಿನಕ್ಕೆ ಐವತ್ತು ನಿಮಿಷದ ಪಾಠ. ವರ್ಷಕ್ಕೆ 150 ಗಂಟೆ, ನಾಲ್ಕು ವರ್ಷಕ್ಕೆ 600. ರಜೆ, ಕಿರುಪರೀಕ್ಷೆ, ಹಿಮ ಬಿದ್ದು ಶಾಲೆ ಮುಚ್ಚಿದ ದಿನಗಳನ್ನು ಕಳೆದರೆ ಇನ್ನೂ ಕಡಿಮೆ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕರಿಗೆ ಫ್ರೆಂಚ್ ಕಲಿಸಲು ಇಟ್ಟುಕೊಂಡಿರುವ ಅಂದಾಜು 600ರಿಂದ 750 ಗಂಟೆ. ಅದು ಬೇರೆ ಕೆಲಸವಿಲ್ಲದೆ ದಿನವಿಡೀ ಅದನ್ನೇ ಕಲಿಯುವ ವಯಸ್ಕರ ಸಣ್ಣ ಗುಂಪಿಗೆ. ಇಪ್ಪತ್ತೈದು ಮಕ್ಕಳ ತರಗತಿಯಲ್ಲಿ ಮೇಷ್ಟ್ರು ಬಾಯಿ ಬಿಡದೆ ಕೂತರೂ ತಲೆಗೆ ಎರಡು ನಿಮಿಷ ಮಾತು ಸಿಗುತ್ತದೆ. ಅಷ್ಟರಲ್ಲಿ ನಿರರ್ಗಳತೆ ಎಲ್ಲಿಂದ ಬರಬೇಕು?

ತಮಾಷೆಯೆಂದರೆ, ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಕೂಡ ಅದನ್ನು ಕೇಳುವುದಿಲ್ಲ. 2012ರಲ್ಲಿ ಜಾರಿಗೆ ಬಂದ ಸ್ವರೂಪದಲ್ಲಿ ಅರ್ಧ ಅಂಕ ಓದಿ, ಕೇಳಿ ಗುರುತಿಸುವ ಪ್ರಶ್ನೆಗಳಿಗೆ. ಉಳಿದರ್ಧದಲ್ಲಿ ನಾಲ್ಕು ಕೆಲಸ: ಒಂದು ಇಮೇಲಿಗೆ ಉತ್ತರ, ಮೂರು ಆಕರಗಳನ್ನು ಬಳಸಿ ಬರೆಯುವ ವಾದಪ್ರಬಂಧ, ಒಂದು ಸಂಭಾಷಣೆ, ತನ್ನ ಸಮುದಾಯವನ್ನು ಫ್ರೆಂಚ್ ಆಡುವ ಯಾವುದಾದರೂ ಪ್ರದೇಶದೊಂದಿಗೆ ಹೋಲಿಸಿ ಎರಡು ನಿಮಿಷದ ಮಾತು. ಇದರಲ್ಲಿ ನನಗೆ ಬಹಳ ಅರ್ಥಪೂರ್ಣವಾಗಿ ಕಾಣುವುದು ಸಂಭಾಷಣೆ. ಮುದ್ರಿತ ಧ್ವನಿಯೊಂದು ಐದು ಬಾರಿ ಮಾತನಾಡಿಸುತ್ತದೆ, ಪ್ರತಿ ಬಾರಿ ಉತ್ತರಕ್ಕೆ ಇಪ್ಪತ್ತು ಸೆಕೆಂಡು.

ಆ ಇಪ್ಪತ್ತು ಸೆಕೆಂಡಿನಲ್ಲಿ ಸೋಲುವವರಲ್ಲಿ ದಡ್ಡರಷ್ಟೇ ಇರುವುದಿಲ್ಲ. ವಲಸೆಯ ಬಗ್ಗೆಯೋ ಹವಾಮಾನದ ಬಗ್ಗೆಯೋ ಇಂಗ್ಲಿಷಿನಲ್ಲಿ ಸೊಗಸಾಗಿ ವಾದಿಸಬಲ್ಲ ಹದಿನೇಳರ ಹುಡುಗಿಗೆ ಫ್ರೆಂಚಿನಲ್ಲಿ ಕೈಗೆ ಬರುವುದು ಎಂಟು ವರ್ಷದ ಮಗುವಿನ ವಾಕ್ಯ. ಅವಳ ಮನಸ್ಸು ಅದಕ್ಕೆ ಒಪ್ಪುವುದಿಲ್ಲ. ‘ಆದರೂ’, ‘ಒಂದು ವೇಳೆ’ ಎಂಬ ಕೊಂಡಿಗಳಿರುವ ದೊಡ್ಡ ವಾಕ್ಯವನ್ನು ಇಂಗ್ಲಿಷಿನಲ್ಲಿ ಕಟ್ಟಿಕೊಂಡು ಅದಕ್ಕೆ ಫ್ರೆಂಚ್ ಕ್ರಿಯಾಪದ ಹುಡುಕುತ್ತಾ ನಿಲ್ಲುತ್ತಾಳೆ. ಅಷ್ಟರಲ್ಲಿ ಗಂಟೆ ಬಾರಿಸುತ್ತದೆ. ಪಕ್ಕದ ಸಾಧಾರಣ ಹುಡುಗ ಇದ್ದಬದ್ದ ಪದಗಳಲ್ಲೇ ಎರಡು ಸಣ್ಣ ವಾಕ್ಯ ಹೇಳಿ ಮುಂದೆ ಹೋಗಿರುತ್ತಾನೆ. ಹೇಳಬೇಕೆಂದಿದ್ದನ್ನು ಹೇಳಲಾಗುವಷ್ಟಕ್ಕೆ ಇಳಿಸಿಕೊಳ್ಳುವ ಈ ಕಲೆಯೇ ಮುಂದುವರಿದ ಭಾಷಾತರಗತಿಯ ನಿಜವಾದ ಪಾಠ. ಎಲ್ಲ ವಿಷಯದಲ್ಲೂ ಮೊದಲ ಸಾಲಿನಲ್ಲಿದ್ದು ಬೆಳೆದವರಿಗೆ ಇದು ಅವಮಾನದಂತೆ ಕಾಣುತ್ತದೆ. ಸಹಿ ಹಾಕಿಸಿಕೊಳ್ಳುವ ಹಾಳೆಯಲ್ಲಿ ಈ ವಿಚಾರ ಇರಬೇಕಿತ್ತು: ಈ ವರ್ಷವಿಡೀ ನಿಮ್ಮ ಮಗು ತನ್ನ ಬುದ್ಧಿಗಿಂತ ಕೆಳಗಿನ ಮಟ್ಟದಲ್ಲಿ ಮಾತನಾಡುತ್ತದೆ, ಅದನ್ನು ಸಹಿಸಿಕೊಳ್ಳುವುದೇ ಕಲಿಕೆ.

ಅಮೆರಿಕದ ಕನ್ನಡದ ಮನೆಗಳಿಗೆ ಇದು ಹೊಸ ಸಂಗತಿಯೇನಲ್ಲ. ಅಜ್ಜಿ ಫೋನಿನಲ್ಲಿ ಕೇಳಿದ್ದು ಪೂರ್ತಿ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಕ್ಕಳು ಅಲ್ಲಿ ಎಷ್ಟಿಲ್ಲ! ಪದಗಳ ಕೊರತೆಗಿಂತ ತಪ್ಪಾದೀತೆಂಬ ನಾಚಿಕೆ ಅಲ್ಲಿ ದೊಡ್ಡದು. ಒಮ್ಮೆ ತಪ್ಪಿದಾಗ ಮನೆಮಂದಿಯೆಲ್ಲ ನಕ್ಕಿರುತ್ತಾರೆ ಬೇರೆ. ಅದೇ ಮಗು ಫ್ರೆಂಚ್ ತರಗತಿಯಲ್ಲಿ ತೊದಲಿ ಅಂಕ ಪಡೆಯುತ್ತದೆ, ಏಕೆಂದರೆ ಅಲ್ಲಿ ಎಲ್ಲರೂ ತೊದಲುವವರೇ. ತಪ್ಪಿಗೆ ನಗದ ಒಂದು ಕೋಣೆಯನ್ನು ಕೊಟ್ಟರೆ ಶಾಲೆ ಅರ್ಧ ಕೆಲಸ ಮಾಡಿದಂತೆ.

‘ಫ್ರೆಂಚ್ ಮಾತ್ರ’ ಎಂಬ ನಿಯಮವನ್ನೂ ಹೀಗೇ ನೋಡಬೇಕು. ಪಾಠದ ಶೇಕಡಾ ತೊಂಬತ್ತು ಭಾಗವಾದರೂ ಕಲಿಯುವ ಭಾಷೆಯಲ್ಲೇ ಇರಲಿ ಎಂದು ಅಮೆರಿಕದ ವಿದೇಶಿ ಭಾಷಾ ಶಿಕ್ಷಕರ ಮಂಡಳಿ 2010ರಿಂದ ಹೇಳುತ್ತಿದೆ. ಸರಿಯೇ. ಆದರೆ ದಂಡದ ಬಲದಿಂದ ಭಾಷೆ ಬರುವುದಿಲ್ಲ ಎಂಬುದಕ್ಕೆ ಅದೇ ದೇಶದಲ್ಲಿ ಉಲ್ಟಾ ಉದಾಹರಣೆಯಿದೆ. ಲೂಯಿಸಿಯಾನಾ ರಾಜ್ಯದ 1921ರ ಸಂವಿಧಾನ ಶಾಲೆಗಳಲ್ಲಿ ಇಂಗ್ಲಿಷನ್ನಷ್ಟೇ ಉಳಿಸಿತು. ಮನೆಮಾತು ಫ್ರೆಂಚನ್ನು ಆಟದ ಬಯಲಿನಲ್ಲಿ ಆಡಿದ ಮಕ್ಕಳೂ ಶಿಕ್ಷೆ ತಿಂದರು. ಆ ಮಕ್ಕಳು ದೊಡ್ಡವರಾದ ಮೇಲೆ ತಮ್ಮ ಮಕ್ಕಳೊಂದಿಗೆ ಫ್ರೆಂಚ್ ಆಡುವುದನ್ನೇ ಬಿಟ್ಟರು. 1968ರಲ್ಲಿ ಅದೇ ರಾಜ್ಯ ಫ್ರೆಂಚನ್ನು ಬೆಳೆಸಲು ಸರ್ಕಾರಿ ಸಂಸ್ಥೆಯೊಂದನ್ನು ಕಟ್ಟಬೇಕಾಯಿತು. ದಂಡ ಭಾಷೆಯೊಂದನ್ನು ಕೊಲ್ಲಬಲ್ಲದು, ಕಲಿಸಲಾರದು.

ಅನುವಾದ ಯಂತ್ರದ ವಿಚಾರದಲ್ಲೂ ಪೊಲೀಸುಗಿರಿ ವ್ಯರ್ಥ. ಮನೆಯಲ್ಲಿ ಬರೆದು ತರುವ ಪ್ರಬಂಧಕ್ಕೆ ಇನ್ನು ಅಂಕ ಕೊಡುವುದರಲ್ಲಿ ಅರ್ಥವಿಲ್ಲ. ಬರೆಯುವುದನ್ನು ತರಗತಿಗೆ ತಂದು ಓದುವುದನ್ನು ಮನೆಗೆ ಕಳಿಸಿದರಾಯಿತು.

ಓದುವುದು ಎಂದರೆ ಏನನ್ನು? ಇಲ್ಲಿ ನನ್ನ ಅಸಮಾಧಾನ ಕಾಲೇಜ್ ಬೋರ್ಡಿನ ಮೇಲೇ. ಹಿಂದೆ ಫ್ರೆಂಚ್ ಸಾಹಿತ್ಯಕ್ಕೆಂದೇ ಬೇರೆ ಎಪಿ ಪರೀಕ್ಷೆಯಿತ್ತು. 2009ರ ನಂತರ ಅದನ್ನು ನಿಲ್ಲಿಸಿದರು. ಉಳಿದ ಭಾಷಾ ಪರೀಕ್ಷೆಗೆ ಸಂಸ್ಕೃತಿಯ ಹೆಸರು ಸೇರಿ ಕುಟುಂಬ, ವಿಜ್ಞಾನ, ಸಮಕಾಲೀನ ಬದುಕು, ಸೌಂದರ್ಯ ಹೀಗೆ ಆರು ವಸ್ತುಗಳು ಬಂದವು. ವಸ್ತುಗಳೇನೋ ಒಳ್ಳೆಯವೇ. ಆದರೆ ಅವುಗಳ ಕೆಳಗೆ ಬರುವುದು ಪತ್ರಿಕೆಯ ತುಣುಕು, ಒಂದು ನಕ್ಷೆ, ಎರಡು ನಿಮಿಷದ ರೇಡಿಯೊ ಸಂದರ್ಶನ. ನೂರು ಪುಟ ಒಬ್ಬರ ದನಿಯೊಂದಿಗೆ ಇರುವ ಅಭ್ಯಾಸ ಇದರಿಂದ ಆಗುವುದಿಲ್ಲ. ನಮ್ಮಲ್ಲಿ ಪಿಯುಸಿಗೆ ಫ್ರೆಂಚ್ ಆರಿಸಿಕೊಳ್ಳುವವರಲ್ಲಿ ಅನೇಕರ ಕಣ್ಣು ಅಂಕದ ಮೇಲಿರುತ್ತದೆ ಎಂದು ಗೊಣಗುತ್ತೇವೆ; ಎಪಿಯಲ್ಲಿ ಐದಕ್ಕೆ ಐದು ಬಂದರೆ ಕಾಲೇಜಿನಲ್ಲಿ ಒಂದು ಕೋರ್ಸಿನ ಶುಲ್ಕ ಉಳಿದೀತೆಂಬ ಅಲ್ಲಿನ ಲೆಕ್ಕವೂ ಬೇರೆ ಜಾತಿಯದಲ್ಲ.

ಫ್ರೆಂಚೆಂದರೆ ಪ್ಯಾರಿಸ್ ಎಂಬ ಕಲ್ಪನೆಯನ್ನು ಒಡೆಯಲೂ ಪುಸ್ತಕವೇ ಬೇಕು. ಫ್ರಾಂಕೊಫೋನ್ ರಾಷ್ಟ್ರಗಳ ಸಂಘಟನೆ 2022ರಲ್ಲಿ ಕೊಟ್ಟ ಅಂದಾಜಿನಂತೆ ಈ ಭಾಷೆ ಆಡುವವರು 32.1 ಕೋಟಿ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಫ್ರಿಕದಲ್ಲಿ. ಅಲ್ಲೇ ಮಾಲಿ ದೇಶ 2023ರ ಸಂವಿಧಾನದಲ್ಲಿ ಫ್ರೆಂಚಿಗಿದ್ದ ಅಧಿಕೃತ ಪಟ್ಟವನ್ನು ಕಿತ್ತುಹಾಕಿತು. ತಾನು ಕಷ್ಟಪಟ್ಟು ಕಲಿಯುತ್ತಿರುವ ಭಾಷೆಯನ್ನು ಇನ್ನೊಬ್ಬರು ಯಾಕೆ ಕಳಚಿಹಾಕಲು ಬಯಸುತ್ತಾರೆ ಎಂಬ ಪ್ರಶ್ನೆ ಹದಿನೇಳರ ವಯಸ್ಸಿಗೆ ಭಾರವಾದದ್ದೇನಲ್ಲ.

ಪುಸ್ತಕ ಓದಿಸಲು ಸಮಯ ಎಲ್ಲಿದೆ ಎಂದು ಮೇಷ್ಟ್ರುಗಳು ಕೇಳಬಹುದು. ಇದೆ. ಎಪಿ ಪರೀಕ್ಷೆ ಮೇ ಮೊದಲರ್ಧದಲ್ಲಿ ಮುಗಿಯುತ್ತದೆ. ನ್ಯೂಯಾರ್ಕ್, ನ್ಯೂಜೆರ್ಸಿಯಂಥ ಕಡೆ ಶಾಲೆ ಜೂನ್ ನಡುವಿನವರೆಗಾದರೂ ನಡೆಯುತ್ತದೆ. ಆ ವಾರಗಳು ಸಾಮಾನ್ಯವಾಗಿ ಸಿನಿಮಾ ನೋಡಿ, ಕ್ರೆಪ್ ಎಂಬ ಫ್ರೆಂಚ್ ದೋಸೆ ತಿಂದು ಕಳೆಯುತ್ತವೆ. ಸೆನೆಗಲ್‌ನ ಮರಿಯಾಮಾ ಬಾ 1979ರಲ್ಲಿ ಪ್ರಕಟಿಸಿದ, ವಿಧವೆಯೊಬ್ಬಳು ಗೆಳತಿಗೆ ಬರೆಯುವ ಪತ್ರದ ರೂಪದ ಸಣ್ಣ ಕಾದಂಬರಿಯನ್ನು ಓದಿ ಮುಗಿಸಲು ಅಷ್ಟು ದಿನ ಸಾಕು. ಅಂಕ ಬೇಡ, ಪ್ರಶ್ನೆಪತ್ರಿಕೆ ಬೇಡ. ದಿನಕ್ಕೆ ಎಂಟು ಪುಟ, ಗೊತ್ತಿಲ್ಲದ ಪದ ಕಂಡರೆ ದಾಟಿಕೊಂಡು ಹೋಗುವ ಅನುಮತಿ ಇರಲಿ.