ತೂಗಿದ್ದು ಮರವನ್ನು, ಮಣ್ಣನ್ನಲ್ಲ

1980ರಲ್ಲಿ ಮೈಸೂರು ಕಾಗದ ಕಾರ್ಖಾನೆಗೆ ಕೊಟ್ಟ ಅರಣ್ಯಭೂಮಿಯ 40 ವರ್ಷಗಳ ಗುತ್ತಿಗೆ 2020ರಲ್ಲಿ ಮುಗಿಯಿತು. ಯಂತ್ರಗಳು ಅದಾಗಲೇ ನಿಂತಿದ್ದರೂ ಸರ್ಕಾರ ಮತ್ತೆ 40 ವರ್ಷಕ್ಕೆ ನವೀಕರಿಸಿತು. ನೆಡುತೋಪಿನ ಲೆಕ್ಕವೆಲ್ಲ ಟನ್ನುಗಳಲ್ಲಿ. ಮಣ್ಣೊಳಗಿನ ಜೀವಿಗಳನ್ನು ಲೆಕ್ಕಕ್ಕೆ ಹಿಡಿದವರಾರು?

ಅಕೇಶಿಯಾದ ಬೇರುಗಂಟಿನ ಬ್ಯಾಕ್ಟೀರಿಯಾಗಳು ಸಾರಜನಕ ಕೂಡಿಸುತ್ತವೆ, ಆದ್ದರಿಂದ ನೆಲ ಫಲವತ್ತಾಗುತ್ತದೆ ಎಂಬ ವಾದವುಂಟು. ಅರ್ಧಸತ್ಯ! ಅದರ ಒರಟು ತರಗು ಬೇಗ ಕೊಳೆಯದು. ಮಲೆನಾಡಿನ ಈ ಒಣ ಸೆರಗಿನಲ್ಲಿ ಬೇಸಿಗೆಯಿಡೀ ತೇವವೂ ಇರದು. ಅಳೆಯಬೇಕಾದದ್ದು ಸೂಕ್ಷ್ಮಜೀವಿಗಳ ಒಡಲಿನ ಇಂಗಾಲವನ್ನು, ಮಣ್ಣಿನ ಉಸಿರಾಟವನ್ನು. ಅದೂ ಪಕ್ಕದ ಕಾನಿನ ಮಣ್ಣಿನೊಡನೆ ಹೋಲಿಸಿ.

ಅಂಜನಾಪುರದ ವಿದ್ಯಾರ್ಥಿಗಳೇ, ಪ್ರಯೋಗಾಲಯಕ್ಕಾಗಿ ಕಾಯಬೇಡಿ. ಮುಂಗಾರಿನಲ್ಲಿ ಸಮತೂಕದ ಹತ್ತಿಬಟ್ಟೆಯ ತುಂಡುಗಳನ್ನು ಕಾನಿನಲ್ಲೂ ತೋಪಿನಲ್ಲೂ ಗೇಣಾಳಕ್ಕೆ ಹೂಳಿ. ಎರಡು ತಿಂಗಳ ಬಳಿಕ ತೊಳೆದು, ಒಣಗಿಸಿ, ತೂಗಿ. ಆ ಅಂಕಿಗಳನ್ನು ಗ್ರಾಮಸಭೆಯಲ್ಲಿ ಓದಿ ಅರಣ್ಯ ಇಲಾಖೆಯಿಂದ ಉತ್ತರ ಕೇಳೋಣ.