ಕಿವಿಯ ಗುಗ್ಗೆಯೂ ಮನೆಮದ್ದೂ

ನಾವು ಪಾಠ ಹೇಳುವ ಕಾಲೇಜು ಕೋಲಾರದಲ್ಲಿದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ವಿದ್ಯಾರ್ಥಿಗಳೇ ನಮ್ಮ ತರಗತಿಯಲ್ಲಿ ಅರ್ಧಕ್ಕೆ ಮಿಗಿಲಾಗಿದ್ದಾರೆ. ಕಳೆದ ವರ್ಷ ಶಬ್ದದ ಪಾಠದಲ್ಲಿ ಕಿವಿಯ ರಚನೆಯನ್ನು ವಿವರಿಸುತ್ತಿದ್ದಾಗ, ಅವರು ಕಿವಿಯನ್ನು ಯಾವುದರಿಂದ ಶುಚಿಮಾಡಿಕೊಳ್ಳುತ್ತಾರೆಂದು ಕೇಳಿದೆವು. ಮೊದಲು ನಗೆಯೆದ್ದಿತು, ಬಳಿಕ ಉತ್ತರಗಳು ಬಂದುವು. ಹತ್ತಿಕಡ್ಡಿ, ಬೆಂಕಿಕಡ್ಡಿ, ಪೊರಕೆಕಡ್ಡಿ, ತಲೆಯ ಪಿನ್ನು, ಸ್ಕೂಟರಿನ ಬೀಗದ ಕೈ, ಪೆನ್ನಿನ ಮುಚ್ಚಳ, ಕೋಳಿಯ ಪುಕ್ಕ! ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಹೇಳಿದವರೂ ಹಲವರಿದ್ದರು. "ನಾನು ಏನನ್ನೂ ಹಾಕುವುದಿಲ್ಲ ಸಾರ್" ಎಂದವಳು ಒಬ್ಬಳೇ. ಪಕ್ಕದ ಗೆಳತಿಯರು ಅವಳನ್ನು ನೋಡಿ ಮೂಗು ಮುರಿದರು. ನಮ್ಮ ಅಭಿಪ್ರಾಯದಲ್ಲಿ ಆ ದಿನ ಸರಿಯಾದ ಉತ್ತರವನ್ನು ಕೊಟ್ಟವಳು ಅವಳೊಬ್ಬಳೇ.

ಗುಗ್ಗೆಯೆಂಬುದು ಕೊಳೆಯಲ್ಲ. ಮುಳಬಾಗಿಲು ಕಡೆಯ ತೆಲುಗು ಮಾತಿನ ಮನೆಗಳಲ್ಲಿ ಇದಕ್ಕೇ ಗುಲಿಮಿ ಎನ್ನುತ್ತಾರೆ. ಕಿವಿಯ ನಾಳವು ಸುಮಾರು ಎರಡೂವರೆ ಸೆಂಟಿಮೀಟರು ಉದ್ದವಾದುದು. ಅದರ ಹೊರಗಿನ ಮೂರನೆಯ ಒಂದು ಭಾಗದಲ್ಲಿ ಮಾತ್ರ ಕೆಲವು ಗ್ರಂಥಿಗಳಿದ್ದು, ಅವು ಸ್ರವಿಸುವ ಜಿಡ್ಡು, ಉದುರಿದ ಚರ್ಮದ ಹೊಪ್ಪಳಿಕೆಗಳೊಡನೆ ಬೆರೆತು ಗುಗ್ಗೆಯಾಗುತ್ತದೆ. ಅದು ನೀರನ್ನು ಒಳಗಿಳಿಯಗೊಡದು, ಧೂಳನ್ನು ಹಿಡಿಯುವುದು, ಸ್ವಲ್ಪ ಆಮ್ಲೀಯವಾದುದರಿಂದ ರೋಗಾಣುಗಳ ಬೆಳವಣಿಗೆಗೂ ತಡೆಯೊಡ್ಡುವುದು. ಇದಕ್ಕಿಂತಲೂ ಸೋಜಿಗದ ಸಂಗತಿಯೆಂದರೆ, ನಾಳದ ಒಳಚರ್ಮವು ಉಗುರು ಬೆಳೆಯುವಂತೆ ತಮಟೆಯ ಕಡೆಯಿಂದ ಹೊರಗಡೆಗೆ ಮೆಲ್ಲಮೆಲ್ಲನೆ ಸಾಗುತ್ತಿರುತ್ತದೆ. ಈ ನಡೆಯ ವೇಗ ದಿನಕ್ಕೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು. ವಾಚಕರೇ ಲೆಕ್ಕ ಹಾಕಬಹುದು: ತಮಟೆಯಿಂದ ಹೊರಟ ಚರ್ಮದ ಕಣವೊಂದು ಎಂಟು ತಿಂಗಳಿಗೆ ಬಾಗಿಲಿಗೆ ಬರುತ್ತದೆ. ಊಟಮಾಡುವಾಗ ದವಡೆಯ ಅಲುಗಾಟವೂ ಇದಕ್ಕೆ ನೆರವಾಗುತ್ತದೆ. ಹೀಗಿರಲು, ಗುಗ್ಗೆ ಹುಟ್ಟದೇ ಇರುವ ತಮಟೆಯ ಸಮೀಪದಲ್ಲಿ ಅದು ಗಟ್ಟಿಯಾಗಿ ಕುಳಿತಿರುವುದು ಕಂಡುಬಂದರೆ, ಅದನ್ನು ಅಲ್ಲಿಗೆ ತಳ್ಳಿದವರು ಬಹುಮಟ್ಟಿಗೆ ನಾವೇ ಎಂದು ತಿಳಿಯಬೇಕು. ಹತ್ತಿಕಡ್ಡಿಯ ತುದಿಗೆ ಅಂಟಿ ಬಂದ ಅಷ್ಟಿಷ್ಟನ್ನು ನೋಡಿ ನಾವು ತೃಪ್ತರಾಗುತ್ತೇವೆ. ಅದರ ಹಲವು ಪಟ್ಟು ಒಳಕ್ಕೆ ಹೋದುದು ಕಣ್ಣಿಗೆ ಬೀಳುವುದಿಲ್ಲ.

ಕಡ್ಡಿಯ ಅಪಾಯವನ್ನು ತಿಳಿಯಲು ಒತ್ತಡದ ಪಾಠವೇ ಸಾಕು. ಬೆಂಕಿಕಡ್ಡಿಯ ತುದಿ ಸುಮಾರು ನಾಲ್ಕು ಚದರ ಮಿಲಿಮೀಟರು. ಅದರ ಮೇಲೆ ನೂರು ಗ್ರಾಂ ತೂಕದಷ್ಟು ಬಲ ಬಿದ್ದರೆ, ಬಸ್ಸಿನಲ್ಲಿ ಪಕ್ಕದವರ ಮೊಣಕೈ ತಗುಲಿದರೂ ಅಷ್ಟು ಬೀಳುತ್ತದೆ, ತುದಿಯಲ್ಲಿ ಎರಡೂವರೆ ವಾಯುಮಂಡಲದಷ್ಟು ಒತ್ತಡ ಉಂಟಾಗುತ್ತದೆ. ಸ್ಫೋಟಗಳ ಸಮೀಪದಲ್ಲಿರುವವರಿಗೆ ವಾಯುಮಂಡಲದ ಮೂರನೆಯ ಒಂದು ಭಾಗದಷ್ಟು ಹೆಚ್ಚಿನ ಒತ್ತಡದಲ್ಲಿಯೇ ತಮಟೆ ಹರಿಯಬಹುದು. ಒಂದು ತಮಟೆಯ ಮೇಲೆಲ್ಲ ಬೀಳುವ ಒತ್ತಡ, ಇನ್ನೊಂದು ಒಂದೇ ಬಿಂದುವಿನಲ್ಲಿ ಬೀಳುವುದು. ಆದುದರಿಂದ ಹೋಲಿಕೆ ಪೂರ್ತಿ ಸರಿಯಲ್ಲ. ಆದರೂ ತಮಟೆಯ ದಪ್ಪ ಕೇವಲ ಮಿಲಿಮೀಟರಿನ ಹತ್ತನೆಯ ಒಂದು ಭಾಗವೆಂಬುದನ್ನು ನೆನೆದರೆ ಕೈ ತಾನಾಗಿಯೇ ಹಿಂದೆಗೆಯುತ್ತದೆ.

ಇತ್ತೀಚೆಗೆ ಕಿವಿಮೇಣದಬತ್ತಿ ಎಂಬ ಹೊಸ ಪದಾರ್ಥವೊಂದನ್ನು ಮೊಬೈಲಿನ ಮೂಲಕ ಹಳ್ಳಿಯವರೂ ತರಿಸಿಕೊಳ್ಳಬಹುದಾಗಿದೆ. ಮೇಣ ಸವರಿದ ಬಟ್ಟೆಯ ಕೊಳವೆಯಿದು. ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದಕ್ಕೆ ಬೆಂಕಿ ಹಚ್ಚಿದರೆ, ಬಿಸಿಗಾಳಿ ಮೇಲೇರುವಾಗ ಗುಗ್ಗೆಯನ್ನು ಹೀರಿಕೊಳ್ಳುವುದೆಂದು ಮಾರುವವರು ಹೇಳುತ್ತಾರೆ. ಹೊಗೆಗೂಡಿನ ನಿಯಮ ಇಲ್ಲಿ ಪೂರ್ತಿಯಾಗಿ ಅನ್ವಯಿಸುವುದೆಂದೇ ಒಪ್ಪೋಣ. ಕೊಳವೆಯ ಉದ್ದ 25 ಸೆಂಟಿಮೀಟರು, ಒಳಗಿನ ಗಾಳಿಯ ಉಷ್ಣತೆ 300 ಡಿಗ್ರಿ ಎಂದಿಟ್ಟುಕೊಂಡರೂ ಹುಟ್ಟುವ ಒತ್ತಡದ ವ್ಯತ್ಯಾಸ ಸುಮಾರು ಒಂದೂವರೆ ಪಾಸ್ಕಲ್ ಮಾತ್ರ. ಎಳನೀರನ್ನು ಕೊಳವೆಯಲ್ಲಿ ಹತ್ತು ಸೆಂಟಿಮೀಟರು ಹೀರಲು ಬೇಕಾಗುವುದು ಸುಮಾರು 1000 ಪಾಸ್ಕಲ್! ನೀರನ್ನು ಒಂದು ಮಿಲಿಮೀಟರು ಕೂಡ ಏರಿಸಲಾರದ ಬಲವು ಚರ್ಮಕ್ಕಂಟಿದ ಜಿಡ್ಡನ್ನು ಎಳೆದೀತೆ? ಎಳೆಯುವಷ್ಟು ಬಲವಿದ್ದಿದ್ದರೆ ಅದು ಮೊದಲು ತಮಟೆಯನ್ನೇ ಎಳೆಯುತ್ತಿತ್ತು. 1996ರಲ್ಲಿ ಅಮೆರಿಕದ ವೈದ್ಯರು ಇದನ್ನು ಅಳೆದು ನೋಡಿದರು. ಹೀರುವ ಒತ್ತಡ ಕಂಡುಬರಲಿಲ್ಲ. ಪರೀಕ್ಷಿಸಿದ ಎಂಟು ಕಿವಿಗಳಲ್ಲಿ ಒಂದರಿಂದಲೂ ಗುಗ್ಗೆ ಹೊರಬರಲಿಲ್ಲ. ಕೆಲವು ಕಿವಿಗಳೊಳಗೆ ಮೇಣ ಮಾತ್ರ ಇಳಿದಿತ್ತು. ಬತ್ತಿ ಉರಿದ ಮೇಲೆ ಕೊಳವೆಯ ತಳದಲ್ಲಿ ತೋರಿಸುವ ಕಂದು ಬಣ್ಣದ ಪುಡಿ ಗುಗ್ಗೆಯಲ್ಲ, ಬತ್ತಿಯದೇ ಶೇಷ. ಕಿವಿಯ ಹಂಗಿಲ್ಲದೆ ಗಾಳಿಯಲ್ಲಿ ಉರಿಸಿದರೂ ಅದು ಬರುತ್ತದೆ.

ಎಣ್ಣೆಯ ವಿಚಾರ ಬೇರೆ. ಇಲ್ಲಿ ನಮ್ಮ ಸಹೋದ್ಯೋಗಿಗಳು ಎರಡು ಪಂಗಡವಾಗಿ ವಾದಿಸುವುದುಂಟು. ಅಜ್ಜಿ ಹೇಳಿದುದೆಲ್ಲ ಮೂಢನಂಬಿಕೆಯೆಂದು ಒಬ್ಬರು, ಅಜ್ಜಿ ಹೇಳಿದುದೆಲ್ಲ ವಿಜ್ಞಾನವೆಂದು ಮತ್ತೊಬ್ಬರು. ನಾವು ಎರಡನ್ನೂ ಒಪ್ಪೆವು. ಜಿಡ್ಡು ಜಿಡ್ಡನ್ನು ಮೆತ್ತಗಾಗಿಸುವುದು ನಿಜ. ಎರಡು ಮೂರು ಹನಿ ಕೊಬ್ಬರಿಯೆಣ್ಣೆಯೋ ಎಳ್ಳೆಣ್ಣೆಯೋ ಗಟ್ಟಿಯಾದ ಗುಗ್ಗೆಯನ್ನು ಸಡಿಲಿಸಬಲ್ಲುದು. ವೈದ್ಯರೂ ಎಣ್ಣೆಯ ಹನಿಯನ್ನು ಸೂಚಿಸುವುದುಂಟು. 2018ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಐದು ದಿನ ಹನಿ ಹಾಕುವುದು ಏನೂ ಮಾಡದಿರುವುದಕ್ಕಿಂತ ಮೇಲಾಗಬಹುದು. ಆದರೆ ಒಂದು ಬಗೆಯ ಹನಿ ಇನ್ನೊಂದಕ್ಕಿಂತ ಮೇಲೆನ್ನಲು, ಅಂಗಡಿಯ ಔಷಧ ಬರಿಯ ನೀರಿಗಿಂತಲೂ ಉಪ್ಪುನೀರಿಗಿಂತಲೂ ಉತ್ತಮವೆನ್ನಲು, ಸಾಕಷ್ಟು ಆಧಾರ ದೊರೆಯಲಿಲ್ಲ. ಕಿವಿಯೊಳಗೆ ಜೀವಂತ ಹುಳು ಹೊಕ್ಕಾಗಲೂ ಎಣ್ಣೆ ಬಿಟ್ಟು ಅದನ್ನು ಸಾಯಿಸಿ, ಅನಂತರ ವೈದ್ಯರಲ್ಲಿಗೆ ಹೋಗುವುದು ಒಳ್ಳೆಯ ಕ್ರಮವೇ. ಅಜ್ಜಿಗೆ ಸಲ್ಲಬೇಕಾದುದು ಸಲ್ಲಲಿ.

ಕೇಡಿರುವುದು ಒಲೆಯಲ್ಲಿ. ನೀರು 100 ಡಿಗ್ರಿಯ ಸಮೀಪಕ್ಕೆ ಬಂದಾಗ ಕುದಿದು ತನ್ನ ಬಿಸಿಯನ್ನು ಸಾರುತ್ತದೆ. ಎಣ್ಣೆ ಹಾಗಲ್ಲ, 150 ಡಿಗ್ರಿಯಲ್ಲಿಯೂ ಅದು ಸುಮ್ಮನೆ ಹೊಳೆಯುತ್ತ ನಿಂತಿರುತ್ತದೆ. ಬೆಳ್ಳುಳ್ಳಿಯ ಎಸಳು ಚಟಪಟನೆ ಸದ್ದುಮಾಡಿತೆಂದರೆ ಅದರೊಳಗಿನ ನೀರು ಕುದಿಯುತ್ತಿದೆ, ಅರ್ಥಾತ್ ಎಣ್ಣೆ ಆಗಲೇ 100 ಡಿಗ್ರಿಯನ್ನು ದಾಟಿದೆ. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನು ಐದಾರು ಸೆಕೆಂಡುಗಳಲ್ಲಿ ಆಳವಾಗಿ ಸುಡಬಲ್ಲುದು. ಕಿವಿಯೊಳಗೆ ಸುರಿದ ಎಣ್ಣೆಯನ್ನು ಒರೆಸಿ ತೆಗೆಯುವ ಉಪಾಯವೂ ಇಲ್ಲ. ವಾಸ್ತವವಾಗಿ ಕಾಯಿಸುವ ಅವಶ್ಯಕತೆಯೇ ಇಲ್ಲ. ದೇಹವೇ 37 ಡಿಗ್ರಿಯ ಒಲೆ. ಕೋಲಾರದ ಮಾಗಿಯ ಬೆಳಗಿನಲ್ಲಿ ಕೊಬ್ಬರಿಯೆಣ್ಣೆ ಹೆಪ್ಪುಗಟ್ಟಿರುತ್ತದೆ, ನಿಜ. ಆದರೆ ಅದು ಕರಗುವುದು ಸುಮಾರು 24 ಡಿಗ್ರಿಯಲ್ಲಿ. ಸೀಸೆಯನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದಿದ್ದರೆ ಸಾಕು.

ತಣ್ಣಗಿನದನ್ನು ಹಾಕಿದರೂ ತೊಂದರೆಯುಂಟು. ವಿಯೆನ್ನಾದ ವೈದ್ಯ ರಾಬರ್ಟ್ ಬಾರನಿ ರೋಗಿಗಳ ಕಿವಿಯನ್ನು ತೊಳೆಯುವಾಗ, ನೀರು ತಣ್ಣಗಿದ್ದರೆ ಅವರಿಗೆ ತಲೆ ಸುತ್ತಿ ಕಣ್ಣುಗುಡ್ಡೆಗಳು ಒಂದು ಕಡೆಗೆ ಅದುರುವುದನ್ನೂ, ಬಿಸಿಯಾಗಿದ್ದರೆ ಇನ್ನೊಂದು ಕಡೆಗೆ ಅದುರುವುದನ್ನೂ ಗಮನಿಸಿದನು. ಒಳಗಿವಿಯ ದ್ರವದಲ್ಲಿ ಉಷ್ಣತೆಯ ವ್ಯತ್ಯಾಸದಿಂದ ಪ್ರವಾಹಗಳೇಳುವುದೇ ಕಾರಣವೆಂದು ಅವನು ವಿವರಿಸಿದನು. ಈ ಬಗೆಯ ಸಂಶೋಧನೆಗಳಿಗಾಗಿ ಅವನಿಗೆ 1914ರ ನೊಬೆಲ್ ಬಹುಮಾನ ಸಂದಿತು. (ಭಾರವಿಲ್ಲದ ಸ್ಥಿತಿಯಲ್ಲಿ ಇಂಥ ಪ್ರವಾಹಗಳು ಏಳಲಾರವು, ಆದರೂ 1983ರಲ್ಲಿ ಅಂತರಿಕ್ಷದಲ್ಲಿ ನಡೆಸಿದ ಪ್ರಯೋಗದಲ್ಲಿ ಕಣ್ಣುಗಳು ಅದುರಿದವು. ಬಾರನಿಯ ವಿವರಣೆಯೊಂದೇ ಸಾಲದೆಂದು ಇದರಿಂದ ತಿಳಿಯಿತು.) ಹೈಡ್ರೋಜನ್ ಪೆರಾಕ್ಸೈಡಿನ ನೊರೆಯನ್ನು ಮೆಚ್ಚುವವರಿಗೆ ಒಂದೇ ಮಾತು: ಸದ್ದು ಶುಚಿತ್ವದ ಅಳತೆಯಲ್ಲ, ಅತಿಯಾದರೆ ಅದು ಚರ್ಮವನ್ನು ಕೆರಳಿಸುತ್ತದೆ. ಕಿವಿ ಸೋರುತ್ತಿದ್ದರೆ, ನೋವಿದ್ದರೆ, ತಮಟೆಯಲ್ಲಿ ರಂಧ್ರವಿರುವ ಸಂದೇಹವಿದ್ದರೆ, ಎಣ್ಣೆ, ನೀರು, ಸೊಪ್ಪಿನ ರಸ ಯಾವುದನ್ನೂ ಬಿಡಲಾಗದು. ಹಸುಗೂಸಿನ ಕಿವಿಗೆ ಎಣ್ಣೆಯೆರೆಯುವ ವಾಡಿಕೆಯನ್ನೂ ಕೈಬಿಡುವುದು ಲೇಸು.

ಇದೇನು ಅಲ್ಪವಿಷಯವೆಂದು ಕೆಲವರು ನಗಬಹುದು. 2007ರಲ್ಲಿ ಆರಂಭವಾದ ರಾಷ್ಟ್ರೀಯ ಕಿವುಡುತನ ನಿವಾರಣಾ ಕಾರ್ಯಕ್ರಮದ ದಾಖಲೆಗಳು ನಮ್ಮ ದೇಶದಲ್ಲಿ ಶ್ರವಣಶಕ್ತಿ ಕುಂದುವ ಕಾರಣಗಳ ಪಟ್ಟಿಯಲ್ಲಿ ಗುಗ್ಗೆಯನ್ನೇ ಮೊದಲು ಹೆಸರಿಸಿ ಶೇಕಡ 15.9 ಎಂಬ ಅಂಕಿಯನ್ನು ಕೊಟ್ಟಿವೆ. ನಾಳವು ಪೂರ್ತಿಯಾಗಿ ಕಟ್ಟಿಕೊಂಡರೆ ಶ್ರವಣವು 30 ಡೆಸಿಬೆಲ್‌ಗಳಷ್ಟು ಕುಗ್ಗಬಹುದು; ಎಂದರೆ ಶಬ್ದದ ತೀವ್ರತೆಯ ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಗೆ ತಲಪುವುದು. ಇಂಥ ವಿದ್ಯಾರ್ಥಿಯನ್ನು ಉಪಾಧ್ಯಾಯರು ಮಂದಮತಿಯೆಂದು ಬಗೆಯುತ್ತಾರೆ.

ನಾವೂ ಬಗೆದಿದ್ದೆವು. ಶ್ರೀನಿವಾಸಪುರದ ಕಡೆಯ ಹುಡುಗನೊಬ್ಬ ಹಿಂದಿನ ಬೆಂಚಿನಲ್ಲಿ ಕುಳಿತು, ಕೇಳಿದ ಪ್ರಶ್ನೆಗೆಲ್ಲ ಸುಮ್ಮನೆ ನಗುತ್ತಿದ್ದ. ಉಡಾಫೆಯೆಂದು ತಿಳಿದು ಎರಡು ಬಾರಿ ಗದರಿದ್ದೆವು. ಮೇಲೆ ಹೇಳಿದ ಪಾಠ ಮುಗಿದ ಮರುದಿನ ಅವನು ತಾನಾಗಿಯೇ ಬಂದು, ವರ್ಷದಿಂದ ಎರಡು ಕಿವಿಯೂ ಮಂದವಾಗಿವೆಯೆಂದೂ ದಿನವೂ ಹತ್ತಿಕಡ್ಡಿ ಹಾಕುತ್ತಿರುವುದಾಗಿಯೂ ಹೇಳಿದ. ಆಸ್ಪತ್ರೆಗೆ ಕಳುಹಿಸಿದೆವು. ವೈದ್ಯರು ನಾಲ್ಕು ದಿನ ಹನಿ ಹಾಕಿಸಿ, ಐದನೆಯ ದಿನ ಉಗುರುಬೆಚ್ಚಗಿನ ನೀರಿನ ಪಿಚಕಾರಿಯಿಂದ ಎರಡು ಕಿವಿಗಳನ್ನೂ ತೊಳೆದರು. ಸೋಮವಾರ ಅವನು ತರಗತಿಗೆ ಬಂದು ಕುಳಿತವನು ಸ್ವಲ್ಪ ಹೊತ್ತಿಗೆ ತಲೆಯೆತ್ತಿ ಮೇಲೆ ನೋಡಿದ.

"ಈ ಫ್ಯಾನು ಮೊದಲಿಂದಲೂ ಹೀಗೇ ಕಿರುಗುಡುತ್ತಿತ್ತೇ ಸಾರ್?" ಎಂದು ಕೇಳಿದ.