ಮೊದಲು ಇಸ್ಕೂಲು ಪಾಸಾಗಲಿ



ಹಾಸ್ಟೆಲಿನ ಗೋಡೆಗೆ ಪರೀಕ್ಷೆಯ ವೇಳಾಪಟ್ಟಿ ಅಂಟಿಸಿದ ದಿನದಿಂದ ನಮ್ಮ ಹುಡುಗರ ಗಂಟಲಲ್ಲಿ ಮುದ್ದೆ ಇಳಿಯುವುದಿಲ್ಲ. ಇದು ನಿಮಗೆ ಹೇಳಬೇಕಾದ ಮಾತಲ್ಲ. ಆದರೆ ಆ ವೇಳಾಪಟ್ಟಿಯ ಹಿಂದೆ ಒಂದು ನಿಯಮ ಇರುತ್ತದೆ, ಆ ನಿಯಮವನ್ನು ಯಾರೋ ಎಲ್ಲೋ ಕೂತು ಬರೆದಿರುತ್ತಾರೆ, ಬರೆಯುವಾಗ ನಮ್ಮನ್ನು ಯಾರೂ ಕೇಳಿರುವುದಿಲ್ಲ. ಆ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ.

ನಾನು ಏಳನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಇದ್ದ ಕಾಲದಲ್ಲಿ ಓದಿದವನು. ನಮ್ಮ ಕೇರಿಯಿಂದ ನಾಲ್ಕು ಜನ ಪರೀಕ್ಷೆಗೆ ಕೂತಿದ್ದೆವು. ಆ ವರ್ಷ ಲೆಕ್ಕದ ಮೇಷ್ಟ್ರು ದೀಪಾವಳಿ ಹೊತ್ತಿಗೆ ವರ್ಗವಾಗಿ ಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಲೆಕ್ಕದ ಪೀರಿಯಡ್ಡಿನಲ್ಲಿ ನಾವು ಶಾಲೆಯ ಅಂಗಳ ಗುಡಿಸಿದೆವು, ಮಣ್ಣು ಹೊತ್ತೆವು, ಗಿಡಕ್ಕೆ ನೀರು ಹಾಕಿದೆವು. ಫಲಿತಾಂಶ ಬಂದಾಗ ಮೂರು ಜನ ಲೆಕ್ಕದಲ್ಲಿ ಫೇಲು. ನಾನು ಹೇಗೋ ದಾಟಿದ್ದೆ. ನನಗೆ ಬುದ್ಧಿ ಜಾಸ್ತಿ ಇತ್ತು ಅಂತಲ್ಲ. ಎಸ್‌ಎಸ್‌ಎಲ್‌ಸಿವರೆಗೆ ಓದಿದ್ದ ನಮ್ಮ ಚಿಕ್ಕಪ್ಪ ರಾತ್ರಿ ಸೀಮೆಎಣ್ಣೆ ಬುಡ್ಡಿ ಮುಂದೆ ಕೂರಿಸಿಕೊಂಡು ಹೇಳಿಕೊಟ್ಟಿದ್ದ. ಫೇಲಾದವರಲ್ಲಿ ಒಬ್ಬ ಗೌಡರ ಮನೆ ದನ ಕಾಯಲು ಹೋದ. ಇನ್ನೊಬ್ಬ ಇಟ್ಟಿಗೆ ಗೂಡಿಗೆ ಹೋದ. ಒಬ್ಬಳಿಗೆ ಮುಂದಿನ ವೈಶಾಖದಲ್ಲೇ ಮದುವೆ ಆಯಿತು. ಅವರ ಅಂಕಪಟ್ಟಿಯಲ್ಲಿ ಲೆಕ್ಕದ ಮುಂದೆ 'ಅನುತ್ತೀರ್ಣ' ಅಂತ ಬರೆದಿತ್ತು. ಲೆಕ್ಕ ಹೇಳಿಕೊಡಲು ಮೇಷ್ಟ್ರೇ ಇರಲಿಲ್ಲ ಅನ್ನುವುದನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ.

ಇಷ್ಟು ವರ್ಷ ಕಳೆದರೂ ಆ ಅಂಕಪಟ್ಟಿಯ ನಮೂನೆ ಬದಲಾಗಿಲ್ಲ ಅನ್ನುವುದೇ ನನ್ನ ತಕರಾರು. ಉಳಿದದ್ದೆಲ್ಲಾ ಬದಲಾಗುತ್ತಲೇ ಇದೆ.

2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಬಂತು, 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಎಂಟನೇ ಕ್ಲಾಸು ಮುಗಿಯುವವರೆಗೆ ಯಾವ ಮಗುವನ್ನೂ ಅದೇ ಕ್ಲಾಸಿನಲ್ಲಿ ಉಳಿಸಬಾರದು ಅಂತ ಅದರ 16ನೇ ಕಲಂ ಹೇಳಿತು. ಅಲ್ಲಿಯವರೆಗೆ ಬೋರ್ಡು ಪರೀಕ್ಷೆ ಪಾಸು ಮಾಡಲೇಬೇಕು ಅನ್ನುವ ಹಾಗಿಲ್ಲ ಅಂತ 30ನೇ ಕಲಂ ಹೇಳಿತು. ಫೇಲು ಅನ್ನುವ ಒಂದು ಮಾತಿಗೆ ಎಷ್ಟು ಕೇರಿಯ ಮಕ್ಕಳು ಶಾಲೆ ಬಿಟ್ಟರು ಅಂತ ತಿಳಿದವರೇ ಅದನ್ನು ಬರೆದಿರಬೇಕು. ಆದರೆ 2019ರಲ್ಲಿ 16ನೇ ಕಲಂ ತಿದ್ದಿದರು. ಐದು ಮತ್ತು ಎಂಟನೇ ಕ್ಲಾಸಿನ ಕೊನೆಗೆ ಪರೀಕ್ಷೆ ನಡೆಸಬೇಕು, ಫೇಲಾದರೆ ಎರಡು ತಿಂಗಳೊಳಗೆ ಇನ್ನೊಂದು ಅವಕಾಶ ಕೊಡಬೇಕು, ಅದರಲ್ಲೂ ಫೇಲಾದರೆ ಉಳಿಸಿಕೊಳ್ಳಬಹುದು ಎಂದಾಯಿತು. 2024ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಅದಕ್ಕೆ ನಿಯಮವನ್ನೂ ಹೊರಡಿಸಿತು. ಮಗುವನ್ನು ಉಳಿಸಿಕೊಳ್ಳಬೇಕೋ ಬೇಡವೋ ಅನ್ನುವ ತೀರ್ಮಾನ ರಾಜ್ಯದ ಕೈಯಲ್ಲಿದೆ. ಅಂದರೆ ನಮ್ಮ ಕೂಗು ಕೇಳಿಸಬೇಕಾದದ್ದು ದೆಹಲಿಗಿಂತ ಮೊದಲು ವಿಧಾನಸೌಧಕ್ಕೆ.

ವಿಧಾನಸೌಧದವರು ಏನು ಮಾಡಿದರು ನೋಡಿ. 2022-23ರಲ್ಲಿ ಐದು ಮತ್ತು ಎಂಟನೇ ಕ್ಲಾಸಿಗೆ ರಾಜ್ಯಮಟ್ಟದ ಒಂದೇ ಪ್ರಶ್ನೆಪತ್ರಿಕೆ ಅಂದರು. ಆಗಲೇ ಕೇಸು ಬಿತ್ತು. ಮರುವರ್ಷ ಒಂಬತ್ತು ಮತ್ತು ಹನ್ನೊಂದನೇ ಕ್ಲಾಸನ್ನೂ ಸೇರಿಸಿದರು. ಆಮೇಲೆ ನಡೆದದ್ದು ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. 2024ರ ಮಾರ್ಚ್ 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ಪರೀಕ್ಷೆ ರದ್ದು ಅಂದಿತು. ಮರುದಿನ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ಕೊಟ್ಟಿತು. 11ಕ್ಕೆ ಪರೀಕ್ಷೆ ಶುರುವಾಯಿತು. 12ಕ್ಕೆ ಸುಪ್ರೀಂ ಕೋರ್ಟು ವಿಭಾಗೀಯ ಪೀಠದ ಆ ಆದೇಶವನ್ನು ತೆಗೆದುಹಾಕಿತು, ಪರೀಕ್ಷೆ ಅರ್ಧಕ್ಕೆ ನಿಂತಿತು. 22ಕ್ಕೆ ವಿಭಾಗೀಯ ಪೀಠ ಸರ್ಕಾರದ ಪರ ತೀರ್ಪು ಕೊಟ್ಟಿತು. 25ಕ್ಕೆ ಉಳಿದ ಪತ್ರಿಕೆ ಬರೆಸಿದರು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟು ಫಲಿತಾಂಶ ಪ್ರಕಟಿಸಬೇಡಿ ಅಂದಿತು. ಹತ್ತು ವರ್ಷದ ಕೂಸು ಓದಿತು, ಬರೆಯಿತು, ನಿಲ್ಲಿಸಿತು, ಮತ್ತೆ ಬರೆಯಿತು. ಕೊನೆಗೆ ಏನಾಯಿತು ಅಂತ ಅವರವ್ವ ಕೇಳಿದರೆ ಹೇಳುವುದಕ್ಕೆ ಅದರ ಹತ್ತಿರ ಏನೂ ಇರಲಿಲ್ಲ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಕೋರ್ಟಿನ ಮೆಟ್ಟಿಲು ಹತ್ತಿದವರು ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳ ಸಂಘದವರು. ಅವರಿಗೆ ಅವರ ಕಷ್ಟ ಇರಬಹುದು, ಹೋಗಲಿ. ಸರ್ಕಾರದ ಪರವಾಗಿ ವಕೀಲರಿದ್ದರು. ಸರ್ಕಾರಿ ಶಾಲೆಯ ಬೆಂಚಿನ ಮೇಲೆ ಕೂತವರು ಯಾರ ಮಕ್ಕಳು? ಕೂಲಿಯವರ ಮಕ್ಕಳು, ಪೌರಕಾರ್ಮಿಕರ ಮಕ್ಕಳು, ಕೇರಿ ಹಟ್ಟಿಗಳ ಮಕ್ಕಳು. ಅವರ ಅಪ್ಪ ಅವ್ವನ ಮಾತು ಆ ಜಗಳದಲ್ಲಿ ಎಲ್ಲಿ ಕೇಳಿಸಿತು? ನಮ್ಮ ಸಂಘಟನೆಗಳೂ ಸುಮ್ಮನಿದ್ದವು ಅನ್ನುವುದನ್ನು ನಾಚಿಕೆ ಬಿಟ್ಟು ಒಪ್ಪಿಕೊಳ್ಳಬೇಕು.

ಇನ್ನು ಎಸ್‌ಎಸ್‌ಎಲ್‌ಸಿ ಕಥೆ. 2023ರಲ್ಲಿ ನೂರಕ್ಕೆ 83.89 ಪಾಸಾಗಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಗ್ರೇಸ್ ಅಂಕವನ್ನು ನೂರಕ್ಕೆ ಹತ್ತರಿಂದ ಇಪ್ಪತ್ತಕ್ಕೆ ಏರಿಸಿದ ಮೇಲೆ. ಟೀಕೆ ಬಂದ ಮೇಲೆ ಗ್ರೇಸ್ ನಿಲ್ಲಿಸಿದರು. 2025ರ ಮೊದಲ ಪರೀಕ್ಷೆಯಲ್ಲಿ 62.34ಕ್ಕೆ ಬಂದು ನಿಂತಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪಾಸಿನ ಗಡಿಯನ್ನು 35ರಿಂದ 33ಕ್ಕೆ ಇಳಿಸುತ್ತೇವೆ ಅಂದರು. 625ಕ್ಕೆ 206 ಬಂದರೆ ಸಾಕು, ಒಂದೊಂದು ವಿಷಯದಲ್ಲಿ ನೂರಕ್ಕೆ ಮೂವತ್ತಾದರೂ ಇರಬೇಕು. ಒಂದು ವರ್ಷ ಗ್ರೇಸ್, ಒಂದು ವರ್ಷ ಕ್ಯಾಮೆರಾ, ಇನ್ನೊಂದು ವರ್ಷ ಗಡಿ ಬದಲಾವಣೆ. ಗಡಿಯ ಕಲ್ಲನ್ನು ಆ ಕಡೆ ಈ ಕಡೆ ಸರಿಸಿದರೆ ಹೊಲದಲ್ಲಿ ಬೆಳೆ ಬರುತ್ತದೆಯೇ?

ಕಾಪಿ ವಿಷಯವನ್ನು ಮುಚ್ಚಿಡುವುದು ಬೇಡ. ಕ್ಯಾಮೆರಾ ಬಂದದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಚೀಟಿ ಎಸೆದು ಪಾಸು ಮಾಡಿಸುವುದು ನಮ್ಮ ಮಕ್ಕಳಿಗೆ ಮಾಡುವ ಉಪಕಾರವಲ್ಲ. ಓದಲು ಬರೆಯಲು ಬಾರದ ಹುಡುಗನ ಕೈಗೆ ಪಾಸಾದ ಕಾಗದ ಕೊಟ್ಟು ಪಿಯುಸಿಗೆ ಕಳಿಸಿದರೆ ಅವನು ಅಲ್ಲಿ ಬೀಳುತ್ತಾನೆ. ಆಗ 'ಇವರಿಗೆ ಮೆರಿಟ್ ಇಲ್ಲ' ಅನ್ನುವವರ ಬಾಯಿಗೆ ನಾವೇ ಸಕ್ಕರೆ ಹಾಕಿದ ಹಾಗಾಗುತ್ತದೆ. ಆದರೆ ಕ್ಯಾಮೆರಾ ತೋರಿಸಿದ್ದು ಮಕ್ಕಳ ಕಳ್ಳತನ ಒಂದನ್ನೇ ಅಲ್ಲ. ಹತ್ತು ವರ್ಷ ಮಕ್ಕಳಿಗೆ ಪಾಠ ಆಗಿರಲಿಲ್ಲ ಅನ್ನುವುದನ್ನೂ ಅದು ತೋರಿಸಿತು. ಮೊದಲನೆಯದನ್ನು ಎಲ್ಲರೂ ನೋಡಿದರು. ಎರಡನೆಯದನ್ನು ನೋಡಿದವರು ಕಮ್ಮಿ.

ಜಿಲ್ಲೆಗಳ ಪಟ್ಟಿ ತೆಗೆದು ನೋಡಿ. 2024ರಲ್ಲಿ ಉಡುಪಿ 94, ಯಾದಗಿರಿ 50.59. 2025ರಲ್ಲಿ ದಕ್ಷಿಣ ಕನ್ನಡ 91.12, ಕಲಬುರಗಿ 42.43. ಒಂದೇ ಪ್ರಶ್ನೆಪತ್ರಿಕೆ, ಒಂದೇ ದಿನ, ಒಂದೇ ಮೂರು ಗಂಟೆ. ಕಲಬುರಗಿಯ ಮಕ್ಕಳ ತಲೆಯಲ್ಲಿ ಮಿದುಳು ಅರ್ಧ ಇದೆಯೇ? ಹಾಗಂತ ಮನಸ್ಸಿನಲ್ಲಿ ಅಂದುಕೊಳ್ಳುವವರು ಇದ್ದಾರೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಆ ಭಾಗ ಹಿಂದೆ ಬಿದ್ದಿದೆ ಅಂತಲೇ ಸಂವಿಧಾನಕ್ಕೆ 371ಜೆ ಸೇರಿಸಿದ್ದು. ಹಿಂದೆ ಬಿದ್ದಿದೆ ಅಂತ ಸಂವಿಧಾನವೇ ಒಪ್ಪಿಕೊಂಡ ಮೇಲೆ, ಆ ಹಿಂದುಳಿದಿರುವಿಕೆಯ ದಂಡವನ್ನು ಹದಿನೈದು ವರ್ಷದ ಹುಡುಗಿಯ ಅಂಕಪಟ್ಟಿಯಿಂದ ವಸೂಲಿ ಮಾಡುವುದು ಯಾವ ನ್ಯಾಯ?

ಹಾಗಾದರೆ ಪರೀಕ್ಷೆಯೇ ಬೇಡವೇ ಅಂತ ಕೇಳ್ತೀರಿ. ನಮ್ಮಲ್ಲೇ ಎರಡು ಮಾತಿದೆ. ಕೆಲವು ಗೆಳೆಯರು, ಎಲ್ಲ ಪರೀಕ್ಷೆಯೂ ಮೇಲ್ಜಾತಿಯವರ ಜರಡಿ, ಕಿತ್ತೊಗೆಯಿರಿ ಅನ್ನುತ್ತಾರೆ. ಇನ್ನು ನಮ್ಮ ಅಪ್ಪ ಅವ್ವಂದಿರು, "ಫೇಲ್ ಮಾಡ್ತೀವಿ ಅನ್ನದಿದ್ರೆ ಮೇಷ್ಟ್ರೂ ಕಲಿಸಲ್ಲ, ಹೈಕ್ಳೂ ಓದಲ್ಲ" ಅನ್ನುತ್ತಾರೆ. ಅಪ್ಪ ಅವ್ವನ ಮಾತನ್ನು ನಾನು ತಳ್ಳಿಹಾಕಲಾರೆ. ಒಂಬತ್ತನೇ ಕ್ಲಾಸಿಗೆ ಬಂದರೂ ತನ್ನ ಹೆಸರನ್ನು ತಪ್ಪಿಲ್ಲದೆ ಬರೆಯಲು ಬಾರದ ಮಗುವನ್ನು ಮುಂದೆ ಮುಂದೆ ತಳ್ಳುವುದೂ ಒಂದು ಮೋಸವೇ. ಬಾಬಾಸಾಹೇಬರು 1907ರಲ್ಲಿ ಮೆಟ್ರಿಕ್ ಪಾಸಾದದ್ದು ನಮಗೆಲ್ಲಾ ಇಂದಿಗೂ ಹೆಮ್ಮೆ. ಆ ಪರೀಕ್ಷೆಯನ್ನು ಅವರು ಯಾರ ಗ್ರೇಸಿನಿಂದಲೂ ದಾಟಲಿಲ್ಲ. ಆದರೆ ಶಾಲೆಯಲ್ಲಿ ಅವರನ್ನು ಬೇರೆ ಕೂರಿಸಿದವರನ್ನು, ನೀರಿನ ಪಾತ್ರೆ ಮುಟ್ಟಗೊಡದವರನ್ನು ಯಾವ ಬೋರ್ಡು ಪರೀಕ್ಷೆ ಮಾಡಿತು? ಯಾವ ಅಂಕಪಟ್ಟಿಯಲ್ಲಿ ಅವರಿಗೆ ಸೊನ್ನೆ ಬಿತ್ತು?

ಪರೀಕ್ಷೆ ಇರಲಿ. ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ತಿಳಿಯಲು ಪರೀಕ್ಷೆ ಬೇಕು. ವೈದ್ಯ ನಾಡಿ ಹಿಡಿದು ನೋಡುವುದು ಮದ್ದು ಕೊಡುವುದಕ್ಕೆ. ನಾಡಿ ನೋಡಿ, 'ನೀನು ರೋಗಿ, ಆಚೆ ಹೋಗು' ಅಂದರೆ ಅವನು ವೈದ್ಯನಲ್ಲ. 2024ರ ನಿಯಮದಲ್ಲೇ, ಬಾಯಿಪಾಠ ಅಳೆಯುವ ಪರೀಕ್ಷೆ ಆಗಬಾರದು ಅಂತ ಬರೆದಿದೆ. ಉಳಿದ ಮಗುವಿಗೆ ಎಲ್ಲಿ ಕೊರತೆ ಇದೆ ಅಂತ ಗುರುತಿಸಿ ಕಲಿಸಬೇಕು ಅಂತಲೂ ಬರೆದಿದೆ. ಕೇಳಲು ಚೆಂದ. ಆದರೆ ಇಡೀ ವರ್ಷ ಇಲ್ಲದ ಮೇಷ್ಟ್ರು ಆ ಎರಡು ತಿಂಗಳಿಗೆ ಎಲ್ಲಿಂದ ಬರುತ್ತಾರೆ? ಅದನ್ನು ಆ ನಿಯಮ ಹೇಳುವುದಿಲ್ಲ.

ಆದ್ದರಿಂದ ರಾಜ್ಯ ಸರ್ಕಾರ ಪರೀಕ್ಷೆಯ ನಿಯಮ ತಿದ್ದುವುದಾದರೆ ನಮ್ಮ ಒತ್ತಾಯಗಳು ಇವು:

1. ಫಲಿತಾಂಶ ಪ್ರಕಟಿಸುವಾಗ ಪ್ರತಿ ಶಾಲೆಯ ಫಲಿತಾಂಶದ ಪಕ್ಕದಲ್ಲೇ, ಆ ವರ್ಷ ಅಲ್ಲಿ ಯಾವ ವಿಷಯದ ಮೇಷ್ಟ್ರು ಎಷ್ಟು ತಿಂಗಳು ಇರಲಿಲ್ಲ ಅನ್ನುವುದನ್ನೂ ಅಚ್ಚು ಹಾಕಬೇಕು. ಮಗುವಿನ ಅಂಕಪಟ್ಟಿಯಲ್ಲೂ ಅದು ಇರಬೇಕು.

2. ಮೇಷ್ಟ್ರು ಇಲ್ಲದ ವಿಷಯದಲ್ಲಿ ಐದನೇ ಮತ್ತು ಎಂಟನೇ ಕ್ಲಾಸಿನ ಯಾವ ಮಗುವನ್ನೂ ಫೇಲು ಅಂತ ಉಳಿಸಬಾರದು. ಮೊದಲು ಕಲಿಸಿ, ಆಮೇಲೆ ಕೇಳಿ.

3. ಎರಡನೇ ಅವಕಾಶಕ್ಕೆ ಮುಂಚಿನ ಎರಡು ತಿಂಗಳು ಪಾಠ ನಡೆದದ್ದಕ್ಕೆ ದಾಖಲೆ ಇರಬೇಕು. ಪಾಠ ನಡೆಯದಿದ್ದರೆ ಆ ಪರೀಕ್ಷೆಯ ಫಲಿತಾಂಶ ಮಗುವಿಗೆ ಅಂಟಬಾರದು.

4. ಸುತ್ತೋಲೆ ಹೊರಡಿಸಿ ನಡುವರ್ಷದಲ್ಲಿ ನಿಯಮ ಬದಲಿಸುವುದು ನಿಲ್ಲಬೇಕು. ಕರಡು ನಿಯಮವನ್ನು ಸರಳ ಕನ್ನಡದಲ್ಲಿ ಪ್ರತಿ ಶಾಲೆಯ, ಪ್ರತಿ ಹಾಸ್ಟೆಲಿನ ಗೋಡೆಗೆ ಅಂಟಿಸಿ ಆಕ್ಷೇಪಣೆ ಕೇಳಬೇಕು.

5. ಫೇಲಾದ ಕಾರಣಕ್ಕೆ ಯಾವ ಹುಡುಗ ಹುಡುಗಿಯೂ ಹಾಸ್ಟೆಲಿನ ಜಾಗ ಕಳೆದುಕೊಳ್ಳಬಾರದು. ಊರಿಗೆ ಹೋದರೆ ಓದಲು ದೀಪ ಇಲ್ಲ, ಜಾಗ ಇಲ್ಲ, ಕೂಲಿ ಕಾಯುತ್ತಿರುತ್ತದೆ. ಫೇಲಾದವನಿಗೇ ಹಾಸ್ಟೆಲು ಹೆಚ್ಚು ಬೇಕು.

ಒತ್ತಾಯ ಬರೆದು ಕೂತರೆ ಯಾರೂ ಕೊಡುವುದಿಲ್ಲ. ನಮ್ಮ ಕೈಯಲ್ಲಿ ಆಗುವ ಕೆಲಸವೂ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ. ನೀವು ಓದಿದ ಶಾಲೆಯಲ್ಲಿ ಎಷ್ಟು ಹುದ್ದೆ ಖಾಲಿ, ಯಾವಾಗಿನಿಂದ ಖಾಲಿ ಅಂತ ಕೇಳಿ. ಬಂದ ಉತ್ತರವನ್ನು ಕೇರಿಯ ಜನರ ಮುಂದೆ ಗಟ್ಟಿಯಾಗಿ ಓದಿ. ನಿಮ್ಮ ಅಪ್ಪ ಅವ್ವನನ್ನು ಎಸ್‌ಡಿಎಂಸಿ ಸಭೆಗೆ ಕಳಿಸಿ. ಹೆಬ್ಬೆಟ್ಟು ಒತ್ತಿ ಎದ್ದು ಬರಬೇಡಿ, ಕೂತು ಕೇಳಿ ಅಂತ ಹೇಳಿ ಕಳಿಸಿ. ರಜೆಗೆ ಊರಿಗೆ ಹೋದಾಗ ಐದನೇ ಕ್ಲಾಸಿನ ನಾಲ್ಕು ಮಕ್ಕಳನ್ನು ಜಗಲಿ ಮೇಲೆ ಕೂರಿಸಿಕೊಂಡು ಭಾಗಾಕಾರ ಹೇಳಿಕೊಡಿ. ನನಗೆ ನಮ್ಮ ಚಿಕ್ಕಪ್ಪ ಮಾಡಿದ್ದು ಅಷ್ಟೇ. ಅಷ್ಟರಿಂದಲೇ ನಾನು ಇವತ್ತು ಈ ಸ್ಟೆನ್ಸಿಲ್ ಬರೆಯುತ್ತಿದ್ದೇನೆ.

ದನ ಕಾಯಲು ಹೋದ ಆ ಗೆಳೆಯ ಹೋದ ವರ್ಷ ಜಾತ್ರೆಯಲ್ಲಿ ಸಿಕ್ಕಿದ್ದ. ಮೊಮ್ಮಗಳನ್ನು ಕೈ ಹಿಡಿದುಕೊಂಡು ಬಂದಿದ್ದ. ಅವಳು ಈಗ ನಾಲ್ಕನೇ ಕ್ಲಾಸು. "ಮುಂದಿನ ವರ್ಷ ಇವಳಿಗೂ ಪರೀಕ್ಷೆ ಅಂತಲ್ಲಪ್ಪ, ನಮ್ ಇಸ್ಕೂಲ್ನಾಗೆ ಲೆಕ್ಕದ ಮೇಷ್ಟ್ರು ಇಲ್ಲ ಕಣೋ" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಹೇಳಬೇಕಾದವರು ವಿಧಾನಸೌಧದಲ್ಲಿದ್ದಾರೆ. ಪ್ರಶ್ನೆಪತ್ರಿಕೆಯನ್ನು ಈ ಸಲ ಅವರ ಮುಂದೆ ಇಡೋಣ.